ಬೆದರಿಕೆಯನ್ನು ಅಳೆಯುವುದು, ದಾಳಿಯನ್ನು ತಡೆಯುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಭಯೋತ್ಪಾದನೆಯ ಬೆದರಿಕೆಯನ್ನು ಸರ್ಕಾರಗಳು ಹೇಗೆ ಅಂದಾಜು ಮಾಡುತ್ತವೆ, ಅದನ್ನು ತಡೆಯುವ ಪ್ರಯತ್ನಗಳಲ್ಲಿ ಯಾವುದು ಫಲ ಕೊಟ್ಟಿದೆ, ಯಾವುದು ಕೊಟ್ಟಿಲ್ಲ ಎಂದು ಕೇಳಿ ಅನೇಕ ಓದುಗರು ಪತ್ರ ಬರೆದಿದ್ದಾರೆ. ಈ ಬಾರಿಯ ಅಂಕಣವನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇವೆ. ಒಂದೇ ಆಶಯದ ಪ್ರಶ್ನೆಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ಕೆಲವು ದೇಶಗಳು ಭಯೋತ್ಪಾದನೆಯ ಬೆದರಿಕೆ ‘ಗಣನೀಯ’, ‘ತೀವ್ರ’ ಎಂದು ಮಟ್ಟಗಳನ್ನು ಘೋಷಿಸುತ್ತವೆ. ಇದನ್ನು ನಿರ್ಧರಿಸುವವರು ಯಾರು, ಯಾವ ಆಧಾರದ ಮೇಲೆ? ‘ತೀವ್ರ’ ಎಂದ ಮೇಲೂ ತಿಂಗಳುಗಟ್ಟಲೆ ಏನೂ ನಡೆಯದಿದ್ದರೆ ಆ ಅಂದಾಜು ಸುಳ್ಳಾಯಿತೆಂದು ತಿಳಿಯಬೇಕೆ?

ಉತ್ತರ: ಬ್ರಿಟನ್ನಿನಲ್ಲಿ ಇದನ್ನು ನಿರ್ಧರಿಸುವವರು ಮಂತ್ರಿಗಳಲ್ಲ, 2003ರಲ್ಲಿ ಸ್ಥಾಪನೆಯಾದ ಜಂಟಿ ಭಯೋತ್ಪಾದನಾ ವಿಶ್ಲೇಷಣಾ ಕೇಂದ್ರದ ಅಧಿಕಾರಿಗಳು. ಅವರು ಗೊತ್ತುಮಾಡುವ ಐದು ಮಟ್ಟಗಳನ್ನು 2006ರ ಆಗಸ್ಟ್‌ನಿಂದ ಸಾರ್ವಜನಿಕರಿಗೂ ತಿಳಿಸಲಾಗುತ್ತಿದೆ. ವಿಶ್ಲೇಷಕರು ಮುಖ್ಯವಾಗಿ ತೂಗಿ ನೋಡುವುದು ಎರಡು ಸಂಗತಿಗಳನ್ನು: ದಾಳಿ ಮಾಡುವ ಉದ್ದೇಶ ಯಾರಿಗಿದೆ, ಮತ್ತು ಅದನ್ನು ಕಾರ್ಯಗತಗೊಳಿಸುವ ಸಾಮರ್ಥ್ಯ, ಅಂದರೆ ಜನ, ಹಣ, ತರಬೇತಿ, ಸಾಮಗ್ರಿ, ಅವರ ಬಳಿ ಎಷ್ಟಿದೆ. ಉದ್ದೇಶವಿದ್ದು ಸಾಮರ್ಥ್ಯವಿಲ್ಲದ ಗುಂಪುಗಳು ಬಹಳ. ಸಾಮರ್ಥ್ಯವಿದ್ದು ಸದ್ಯಕ್ಕೆ ಉದ್ದೇಶವಿಲ್ಲದವೂ ಇವೆ. ಇವೆರಡೂ ಕೂಡಿಬರುವ ಕಡೆಗೆ ಗಮನ ಹರಿಸುವುದೇ ಈ ಕೆಲಸದ ತಿರುಳು. ಯಾವ ಸ್ಥಳಕ್ಕೆ ರಕ್ಷಣೆ ಕಡಿಮೆ, ಅಲ್ಲಿ ದಾಳಿಯಾದರೆ ಹಾನಿ ಎಷ್ಟು ಎಂಬ ಲೆಕ್ಕವನ್ನೂ ಸೇರಿಸಿಕೊಂಡಾಗ, ಕಾವಲನ್ನು ಎಲ್ಲಿ ಹೆಚ್ಚಿಸಬೇಕೆಂಬುದು ತಿಳಿಯುತ್ತದೆ.

‘ತೀವ್ರ’ ಎಂದರೆ ದಾಳಿಯ ಸಂಭವ ಬಹಳ ಹೆಚ್ಚಿದೆ ಎಂದರ್ಥವೇ ಹೊರತು ಇಂಥ ದಿನ ನಡೆಯುತ್ತದೆ ಎಂದಲ್ಲ. ಏನೂ ನಡೆಯದಿದ್ದಾಗ ಸಂಚು ಮುರಿದುಬಿದ್ದಿರಬಹುದು, ಸಂಚುಗಾರರೇ ಹಿಂಜರಿದಿರಬಹುದು, ಅಥವಾ ಅಂದಾಜೇ ಅತಿಯಾಗಿದ್ದಿರಬಹುದು. ಹೊರಗಿನಿಂದ ನೋಡುವವರಿಗೆ ಈ ಮೂರನ್ನು ಬೇರ್ಪಡಿಸಿ ನೋಡುವ ದಾರಿಯಿಲ್ಲ. ಆದ್ದರಿಂದ ಅಂದಾಜನ್ನು ಫಲಿತಾಂಶದಿಂದಲ್ಲ, ಉಪಯೋಗದಿಂದ ಅಳೆಯುವುದು ಸರಿಯೆಂದು ನನಗೆ ತೋರುತ್ತದೆ. 2017ರ ಮೇ 22ರಂದು ಮ್ಯಾಂಚೆಸ್ಟರಿನ ಸಂಗೀತ ಕಾರ್ಯಕ್ರಮವೊಂದರ ಕೊನೆಯಲ್ಲಿ ಬಾಂಬ್ ಸ್ಫೋಟವಾಗಿ 22 ಜನ ಸತ್ತಾಗ, ದಾಳಿಕೋರನಿಗೆ ಸಹಚರರಿರಬಹುದೆಂಬ ಶಂಕೆಯಿಂದ ಮಟ್ಟವನ್ನು ತುತ್ತತುದಿಗೆ ಏರಿಸಿದರು. ಬೀದಿಗಳಲ್ಲಿ ಸೈನಿಕರು ಕಾವಲು ನಿಂತರು. ತನಿಖೆ ಮುಂದುವರಿದಂತೆ ಕೆಲವೇ ದಿನಗಳಲ್ಲಿ ಇಳಿಸಿದರು. ಮಟ್ಟ ಏರಿದಾಗ ಏನಾದರೂ ಬದಲಾಯಿತು, ಕಾರಣ ಮುಗಿದಾಗ ಅದು ಇಳಿಯಿತು. ಇದಕ್ಕೆ ವ್ಯತಿರಿಕ್ತವಾದ ಅನುಭವ ಅಮೆರಿಕದ್ದು. ಅಲ್ಲಿ 2002ರಲ್ಲಿ ಜಾರಿಗೆ ಬಂದ ಐದು ಬಣ್ಣಗಳ ಪದ್ಧತಿ 2011ರವರೆಗೆ ಇತ್ತು; ಅಷ್ಟು ವರ್ಷಗಳಲ್ಲಿ ಅದು ಕೆಳಗಿನ ಎರಡು ಬಣ್ಣಗಳಿಗೆ ಒಮ್ಮೆಯೂ ಇಳಿಯಲಿಲ್ಲ. ಸದಾ ಎಚ್ಚರದಿಂದಿರಿ ಎಂದು ಹೇಳಿ, ಏನು ಮಾಡಬೇಕೆಂದು ಹೇಳದೆ ಹೋದರೆ ಜನರು ಕಿವಿಗೊಡುವುದನ್ನು ಬಿಡುತ್ತಾರೆ. ಕೊನೆಗೆ ಅದನ್ನು ಕೈಬಿಟ್ಟು, ನಿರ್ದಿಷ್ಟ ಬೆದರಿಕೆಯ ವಿವರವನ್ನು ನಿರ್ದಿಷ್ಟ ಅವಧಿಗೆ ಪ್ರಕಟಿಸುವ ಪದ್ಧತಿಯನ್ನು ತಂದರು.

ಪ್ರಶ್ನೆ: ದೊಡ್ಡ ದಾಳಿ ನಡೆದಾಗಲೆಲ್ಲ ‘ಮೊದಲೇ ಸುಳಿವಿತ್ತು’ ಎಂಬ ಸುದ್ದಿ ಬರುತ್ತದೆ. ಸುಳಿವಿದ್ದೂ ತಡೆಯಲಾಗದಿರುವುದು ಹೇಗೆ? ಇದು ಅಸಡ್ಡೆಯಲ್ಲವೆ?

ಉತ್ತರ: ಕೆಲವೊಮ್ಮೆ ಅಸಡ್ಡೆಯೇ. ಆದರೆ ಅಸಡ್ಡೆ ಎಲ್ಲಿ ನುಸುಳುತ್ತದೆ ಎಂಬುದನ್ನು ಹತ್ತಿರದಿಂದ ನೋಡದೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಶ್ರೀಲಂಕಾದಲ್ಲಿ 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಮೂರು ಚರ್ಚುಗಳಲ್ಲಿ ಮತ್ತು ಮೂರು ದೊಡ್ಡ ಹೋಟೆಲುಗಳಲ್ಲಿ ಆತ್ಮಾಹುತಿ ದಾಳಿ ನಡೆದು 250ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಭಾರತದ ಗುಪ್ತಚರ ಸಂಸ್ಥೆ ಏಪ್ರಿಲ್ 4ರಂದೇ ಎಚ್ಚರಿಕೆ ರವಾನಿಸಿತ್ತು. ಏಪ್ರಿಲ್ 11ರಂದು ಅಲ್ಲಿನ ಪೊಲೀಸ್ ಇಲಾಖೆಯೊಳಗೆ ಓಡಾಡಿದ ಪತ್ರವೊಂದರಲ್ಲಿ ಸಂಘಟನೆಯ ಹೆಸರು, ಮುಖಂಡನ ಹೆಸರು, ಚರ್ಚುಗಳು ಗುರಿಯಾಗಬಹುದೆಂಬ ಮಾತು ಎಲ್ಲವೂ ಇದ್ದವು. ಆ ಮುಖಂಡನ ದ್ವೇಷಭಾಷಣಗಳ ಬಗ್ಗೆ ಅಲ್ಲಿನ ಮುಸ್ಲಿಮರೇ ವರ್ಷಗಳ ಹಿಂದೆ ಅಧಿಕಾರಿಗಳಿಗೆ ದೂರು ಕೊಟ್ಟಿದ್ದರು. ಅದೇ ವರ್ಷದ ಜನವರಿಯಲ್ಲಿ ಪುತ್ತಳಂ ಜಿಲ್ಲೆಯ ತೋಟವೊಂದರಲ್ಲಿ ಸ್ಫೋಟಕಗಳ ದಾಸ್ತಾನು ಸಿಕ್ಕಿತ್ತು. ಇಷ್ಟಿದ್ದೂ ಪ್ರಾರ್ಥನೆಗೆ ಬಂದವರಿಗಾಗಲಿ ಚರ್ಚಿನ ಪಾದ್ರಿಗಳಿಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. ಅಧ್ಯಕ್ಷರಿಗೂ ಪ್ರಧಾನಿಗೂ ನಡುವೆ ರಾಜಕೀಯ ಜಗಳವಿದ್ದುದರಿಂದ ರಾಷ್ಟ್ರೀಯ ಭದ್ರತಾ ಮಂಡಳಿಯ ಸಭೆಗಳಿಗೆ ಪ್ರಧಾನಿಯನ್ನೇ ಕರೆಯುತ್ತಿರಲಿಲ್ಲ. 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರು ಕರ್ತವ್ಯಲೋಪ ಎಸಗಿದ್ದಾರೆಂದು ತೀರ್ಮಾನಿಸಿ, ಸಂತ್ರಸ್ತರಿಗೆ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಇಲ್ಲಿ ಮಾಹಿತಿಯ ಕೊರತೆ ಇರಲೇ ಇಲ್ಲ; ಮಾಹಿತಿಯನ್ನು ಕೈಗೆತ್ತಿಕೊಂಡು ಕೆಲಸ ಮಾಡುವವರು ಇರಲಿಲ್ಲ.

ನಾರ್ವೆಯ ಪ್ರಕರಣ ಇನ್ನೊಂದು ಬಗೆಯದು. 2011ರ ಜುಲೈ 22ರಂದು ಓಸ್ಲೋ ನಗರದ ಸರ್ಕಾರಿ ಕಚೇರಿಗಳ ಮುಂದೆ ವ್ಯಾನಿನಲ್ಲಿಟ್ಟ ಬಾಂಬ್ ಸಿಡಿದು 8 ಜನ ಸತ್ತರು. ಸ್ಫೋಟದ ಬೆನ್ನಲ್ಲೇ ನಾಗರಿಕರೊಬ್ಬರು ಪೊಲೀಸರಿಗೆ ಫೋನ್ ಮಾಡಿ, ಸಮವಸ್ತ್ರದಂಥ ಉಡುಪಿನ, ಕೈಯಲ್ಲಿ ಪಿಸ್ತೂಲು ಹಿಡಿದ ವ್ಯಕ್ತಿಯೊಬ್ಬ ಇನ್ನೊಂದು ವಾಹನ ಹತ್ತಿ ಹೋದನೆಂದು ತಿಳಿಸಿ, ಆ ವಾಹನದ ನೋಂದಣಿ ಸಂಖ್ಯೆಯನ್ನೂ ಕೊಟ್ಟರು. ಫೋನ್ ತೆಗೆದುಕೊಂಡವರು ಅದನ್ನು ಚೀಟಿಯಲ್ಲಿ ಬರೆದುಕೊಂಡು ಮೇಲಧಿಕಾರಿಯ ಮೇಜಿನ ಮೇಲಿಟ್ಟರು. ಕಂಟ್ರೋಲ್ ರೂಮಿನಲ್ಲಿ ಎಲ್ಲ ಫೋನುಗಳೂ ಒಮ್ಮೆಲೇ ಮೊಳಗುತ್ತಿದ್ದ ಆ ಹೊತ್ತಿನಲ್ಲಿ ಆ ಚೀಟಿ ಸುಮಾರು 20 ನಿಮಿಷ ಯಾರ ಕಣ್ಣಿಗೂ ಬೀಳದೆ ಬಿದ್ದಿತ್ತು. ಅಷ್ಟರಲ್ಲಿ ದಾಳಿಕೋರ ಊರಿಂದ ಹೊರಟಾಗಿತ್ತು. ಉತೋಯ ದ್ವೀಪದಲ್ಲಿ ಶಿಬಿರಕ್ಕೆ ಸೇರಿದ್ದ ಯುವಜನರ ಮೇಲೆ ಗುಂಡು ಹಾರಿಸಿ ಇನ್ನೂ 69 ಜನರನ್ನು ಕೊಂದ. ಮರುವರ್ಷ ವರದಿ ಕೊಟ್ಟ ತನಿಖಾ ಆಯೋಗ, ಆ ಕಚೇರಿಗಳ ಮುಂದಿನ ರಸ್ತೆಯನ್ನು ವಾಹನಗಳಿಗೆ ಮುಚ್ಚಬೇಕೆಂದು ವರ್ಷಗಳ ಹಿಂದೆಯೇ ತೀರ್ಮಾನವಾಗಿತ್ತೆಂದೂ ಅದು ಕಾರ್ಯಗತವಾಗಿದ್ದರೆ ಬಾಂಬ್ ದಾಳಿಯನ್ನು ತಡೆಯಬಹುದಿತ್ತೆಂದೂ ಮುಚ್ಚುಮರೆಯಿಲ್ಲದೆ ಬರೆಯಿತು.

ಅಮೆರಿಕದಲ್ಲಿ ವಿಮಾನಗಳನ್ನು ಅಪಹರಿಸಿ ನಡೆಸಿದ 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ 2,977 ಜನ ಸತ್ತರು. ದಾಳಿ ನಡೆಸಿದ 19 ಜನರಲ್ಲಿ ಇಬ್ಬರು 2000ದ ಜನವರಿಯಲ್ಲಿ ಕ್ವಾಲಾಲಂಪುರದಲ್ಲಿ ನಡೆದ ಸಭೆಯೊಂದರಲ್ಲಿ ಭಾಗವಹಿಸಿದ್ದು ಅಮೆರಿಕದ ಹೊರದೇಶ ಗುಪ್ತಚರ ಸಂಸ್ಥೆಗೆ ಗೊತ್ತಿತ್ತು. ಅವರ ಹೆಸರುಗಳು ನಿಗಾ ಪಟ್ಟಿಗೆ ಸೇರಿದ್ದು 2001ರ ಆಗಸ್ಟ್ ಕೊನೆಯ ವಾರಗಳಲ್ಲಿ. ಆ ವೇಳೆಗೆ ಅವರು ದೇಶದೊಳಗೇ ಇದ್ದರು. ವಿಮಾನ ತರಬೇತಿ ಶಾಲೆಗಳಿಗೆ ಸಂಶಯಾಸ್ಪದ ವ್ಯಕ್ತಿಗಳು ಸೇರುತ್ತಿದ್ದಾರೆಂದು ಫೀನಿಕ್ಸ್ ನಗರದ ತನಿಖಾಧಿಕಾರಿಯೊಬ್ಬರು ಜುಲೈನಲ್ಲೇ ಬರೆದಿದ್ದರು. ಮಿನ್ನೆಸೋಟದಲ್ಲಿ ಅಂಥ ಒಬ್ಬನ ಬಂಧನವೂ ಆಗಸ್ಟ್‌ನಲ್ಲಿ ಆಗಿತ್ತು. ಈ ಮೂರು ಸಂಗತಿಗಳು ಮೂರು ಕಡತಗಳಲ್ಲಿದ್ದವು. ಮೂರನ್ನೂ ಒಟ್ಟಿಗೆ ಓದಿದವರಿರಲಿಲ್ಲ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ದಾಳಿ ನಡೆದ ಮೇಲೆ ಹಿಂತಿರುಗಿ ನೋಡಿದರೆ ಸರಿಯಾದ ಸುಳಿವುಗಳು ಮಾತ್ರ ಎದ್ದು ಕಾಣುತ್ತವೆ. ಅದೇ ದಿನ ಬಂದು ಪೊಳ್ಳೆಂದು ಸಾಬೀತಾದ ನೂರಾರು ಸುಳಿವುಗಳು ಕಾಣುವುದಿಲ್ಲ. ಮೇಜಿನ ಮುಂದೆ ಕುಳಿತ ಅಧಿಕಾರಿಗೆ ಎರಡೂ ಒಂದೇ ರೀತಿಯ ಕಾಗದಗಳಾಗಿ ಬರುತ್ತವೆ. ಆದ್ದರಿಂದ ಪ್ರತಿ ವೈಫಲ್ಯಕ್ಕೂ ಯಾರನ್ನಾದರೂ ಅಪರಾಧಿಯನ್ನಾಗಿಸುವುದು ಸರಿಯಲ್ಲ. ಆದರೆ ಮಾಹಿತಿ ಯಾರಿಂದ ಯಾರಿಗೆ, ಎಷ್ಟು ಹೊತ್ತಿನಲ್ಲಿ ತಲುಪಬೇಕು, ತಲುಪಿದ್ದನ್ನು ಖಚಿತಪಡಿಸಿಕೊಳ್ಳುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡದಿರುವುದಕ್ಕೆ ಕ್ಷಮೆಯಿಲ್ಲ. ಹೆಚ್ಚು ಮಾಹಿತಿ ಕಲೆಹಾಕುವುದಕ್ಕೆ ಸರ್ಕಾರಗಳು ತೋರುವ ಉತ್ಸಾಹದಲ್ಲಿ ಅರ್ಧದಷ್ಟನ್ನಾದರೂ ಇರುವ ಮಾಹಿತಿಯನ್ನು ತಲುಪಿಸುವುದಕ್ಕೆ ತೋರಿದ್ದರೆ ಅನೇಕ ಜೀವಗಳು ಉಳಿಯುತ್ತಿದ್ದವೆಂದು ಈ ವರದಿಗಳನ್ನು ಓದಿದ ಯಾರಿಗಾದರೂ ಅನ್ನಿಸದಿರದು.

ಪ್ರಶ್ನೆ: ಫೋನ್ ಕರೆ, ಪ್ರಯಾಣ, ಖರೀದಿ, ಜಾಲತಾಣದ ಬರಹ ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ ಭಯೋತ್ಪಾದಕರನ್ನು ಮುಂಚಿತವಾಗಿಯೇ ಗುರುತಿಸಲು ಈಗ ಸಾಧ್ಯವಿರಬೇಕಲ್ಲ?

ಉತ್ತರ: ಒಂದು ಲೆಕ್ಕ ಮಾಡಿ ನೋಡೋಣ. 1 ಕೋಟಿ ಜನರಿರುವ ಒಂದು ದೇಶದಲ್ಲಿ 100 ಜನ ನಿಜವಾದ ಸಂಚುಗಾರರಿದ್ದಾರೆಂದು ಊಹಿಸಿಕೊಳ್ಳಿ. ಅವರನ್ನು ಗುರುತಿಸಲು, ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಯಾಗಿ ಹೇಳುವ ಯಂತ್ರವೊಂದು ಸಿಕ್ಕಿತೆನ್ನೋಣ. ನೂರು ಸಂಚುಗಾರರಲ್ಲಿ 99 ಜನರನ್ನು ಅದು ಹಿಡಿದುಕೊಡುತ್ತದೆ. ಆದರೆ ಉಳಿದ ನಿರಪರಾಧಿಗಳಲ್ಲಿ ನೂರಕ್ಕೆ ಒಬ್ಬರಂತೆ ಸುಮಾರು 1 ಲಕ್ಷ ಜನರನ್ನೂ ಸಂಚುಗಾರರೆಂದು ತೋರಿಸುತ್ತದೆ. ಅಂದರೆ ಯಂತ್ರ ಬೊಟ್ಟುಮಾಡಿದ ಪ್ರತಿ ಸಾವಿರ ಜನರಲ್ಲಿ ಹೆಚ್ಚುಕಡಿಮೆ ಒಬ್ಬನಷ್ಟೇ ನಿಜವಾದ ಸಂಚುಗಾರ. ಲಕ್ಷ ಜನರ ಹಿಂದೆ ಕಣ್ಣಿಡುವಷ್ಟು ಪೊಲೀಸರು ಯಾವ ದೇಶದಲ್ಲೂ ಇಲ್ಲ. ಇದ್ದರೂ ಆ ಲಕ್ಷ ಕುಟುಂಬಗಳು ಪೊಲೀಸರನ್ನು ಮತ್ತೆ ನಂಬುವುದಿಲ್ಲ. ವಾಸ್ತವದಲ್ಲಿ ಅಷ್ಟು ನಿಖರವಾದ ಯಂತ್ರವೂ ಇಲ್ಲ. ಹುಡುಕುತ್ತಿರುವ ಸಂಗತಿ ಬಹಳ ಅಪರೂಪದ್ದಾಗಿರುವಾಗ ಎಂಥ ಒಳ್ಳೆಯ ಸಾಧನವೂ ಈ ತೊಡಕಿನಿಂದ ಪಾರಾಗುವುದಿಲ್ಲ.

2009ರ ಕ್ರಿಸ್‌ಮಸ್ ದಿನ ಆಮ್‌ಸ್ಟರ್‌ಡ್ಯಾಮಿನಿಂದ ಡೆಟ್ರಾಯಿಟಿಗೆ ಹೊರಟ ವಿಮಾನದಲ್ಲಿ ಯುವಕನೊಬ್ಬ ಒಳ ಉಡುಪಿನಲ್ಲಿ ಅಡಗಿಸಿಕೊಂಡಿದ್ದ ಸ್ಫೋಟಕಕ್ಕೆ ಬೆಂಕಿ ಕೊಡಲು ಯತ್ನಿಸಿದ. ಅದಕ್ಕೆ ಒಂದು ತಿಂಗಳಿಗೂ ಹೆಚ್ಚು ಮುಂಚೆ ಅವನ ತಂದೆಯೇ ನೈಜೀರಿಯದ ಅಮೆರಿಕನ್ ರಾಯಭಾರ ಕಚೇರಿಗೆ ಹೋಗಿ, ಮಗ ತೀವ್ರಗಾಮಿಗಳ ಸಂಗಡ ಸೇರಿರಬಹುದೆಂದು ಕಳವಳದಿಂದ ತಿಳಿಸಿದ್ದರು. ಹೆಸರು ಸುಮಾರು 5.5 ಲಕ್ಷ ಹೆಸರುಗಳಿದ್ದ ದತ್ತಾಂಶ ಪಟ್ಟಿಗೆ ಸೇರಿತು, ಅಲ್ಲಿಯೇ ಉಳಿಯಿತು. ವಿಮಾನ ಹತ್ತದಂತೆ ತಡೆಯುವ ಚಿಕ್ಕ ಪಟ್ಟಿಗೆ ಬರಲಿಲ್ಲ. ಅವನನ್ನು ಕೊನೆಗೆ ಹಿಡಿದು ಮಣಿಸಿದವರು ಸಹಪ್ರಯಾಣಿಕರು ಮತ್ತು ವಿಮಾನದ ಸಿಬ್ಬಂದಿ.

ತಪ್ಪು ಅನುಮಾನದ ಬೆಲೆ ಏನೆಂಬುದಕ್ಕೆ ಜಪಾನಿನ ಒಂದು ಘಟನೆ ಸಾಕು. 1994ರ ಜೂನ್‌ನಲ್ಲಿ ಮಾತ್ಸುಮೊಟೊ ಪಟ್ಟಣದಲ್ಲಿ ಸರಿನ್ ವಿಷಾನಿಲ ಹರಡಿ ಏಳು ಜನ ಸತ್ತರು. ಪೊಲೀಸರೂ ಪತ್ರಿಕೆಗಳೂ ಅಲ್ಲಿಯೇ ವಾಸವಿದ್ದ ಒಬ್ಬ ನಾಗರಿಕರ ಮೇಲೆ ಸಂಶಯಪಟ್ಟರು. ಅವರ ಹೆಂಡತಿಯೇ ಆ ಅನಿಲದಿಂದ ಪ್ರಜ್ಞೆ ಕಳೆದುಕೊಂಡು ಆಸ್ಪತ್ರೆಯಲ್ಲಿದ್ದರು. ನಿಜವಾದ ಅಪರಾಧಿಗಳಾದ ಓಮ್ ಶಿನ್‌ರಿಕ್ಯೊ ಪಂಥದವರು 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಅದೇ ವಿಷವನ್ನು ಬಿಟ್ಟರು. ನಿರಪರಾಧಿಯ ಬೆನ್ನುಹತ್ತಿದ ಒಂದೊಂದು ದಿನವೂ ಅಪರಾಧಿಗೆ ಸಿಗುವ ಬಿಡುವು.

ಕಂಪ್ಯೂಟರ್ ಬೇಡವೆಂದು ಇದರ ಅರ್ಥವಲ್ಲ. ಒಬ್ಬ ವ್ಯಕ್ತಿಯ ಬಗ್ಗೆ ಬೇರೆ ಕಾರಣಕ್ಕೆ ಗಟ್ಟಿಯಾದ ಅನುಮಾನ ಹುಟ್ಟಿದ ಮೇಲೆ ಅವನ ಸಂಪರ್ಕಗಳನ್ನು ಪತ್ತೆ ಮಾಡಲು ಅದಕ್ಕಿಂತ ವೇಗದ ಸಾಧನವಿಲ್ಲ. ಇಡೀ ಜನತೆಯನ್ನು ಜರಡಿ ಹಿಡಿಯಲು ಮಾತ್ರ ಅದು ತಕ್ಕದ್ದಲ್ಲ.

ಪ್ರಶ್ನೆ: ವಿಮಾನ ನಿಲ್ದಾಣಗಳ ತಪಾಸಣೆಯಿಂದ ನಿಜಕ್ಕೂ ಪ್ರಯೋಜನವಿದೆಯೆ?

ಉತ್ತರ: ಇದೆ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬ್ ಇದ್ದ ಪೆಟ್ಟಿಗೆಯನ್ನು ಕಳುಹಿಸಿದವನು ವಿಮಾನ ಹತ್ತಿರಲೇ ಇಲ್ಲ. ಪ್ರಯಾಣಿಕ ಹತ್ತದಿದ್ದರೆ ಅವನ ಸಾಮಾನನ್ನೂ ಇಳಿಸಬೇಕೆಂಬ ಇಂದಿನ ನಿಯಮದ ಹಿಂದೆ ಅಂಥ ಸಾವುಗಳಿವೆ. 2001ರ ನಂತರ ಕಾಕ್‌ಪಿಟ್‌ನ ಬಾಗಿಲನ್ನು ಒಳಗಿನಿಂದ ಭದ್ರಪಡಿಸಿದ್ದೂ ಸರಳವಾದ, ಆದರೆ ದೊಡ್ಡ ಪರಿಣಾಮದ ಕ್ರಮ. ಇದರ ಮಿತಿಯೆಂದರೆ, ಒಂದು ಕಡೆ ಕಾವಲು ಬಿಗಿಯಾದಾಗ ದಾಳಿಕೋರರು ಕಾವಲಿಲ್ಲದ ಜನಸಂದಣಿಯ ಕಡೆ ತಿರುಗುತ್ತಾರೆ. ಅದನ್ನು ಮನಗಂಡೇ ಬ್ರಿಟನ್ 2025ರಲ್ಲಿ, 200 ಅಥವಾ ಅದಕ್ಕಿಂತ ಹೆಚ್ಚು ಜನ ಸೇರಬಹುದಾದ ಸಾರ್ವಜನಿಕ ಸ್ಥಳಗಳ ಹೊಣೆಗಾರರು ದಾಳಿಯಾದರೆ ಜನರನ್ನು ಹೇಗೆ ಪಾರುಮಾಡಬೇಕೆಂದು ಮೊದಲೇ ಯೋಜಿಸಿರಬೇಕೆಂಬ ಕಾನೂನು ಮಾಡಿತು. ಮ್ಯಾಂಚೆಸ್ಟರಿನಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರ ವರ್ಷಗಳ ಹೋರಾಟದ ಫಲ ಅದು.

ಪ್ರಶ್ನೆ: ಹಣದ ಮೂಲವನ್ನು ಕತ್ತರಿಸಿದರೆ ಭಯೋತ್ಪಾದನೆ ನಿಲ್ಲುತ್ತದೆಂದು ಹೇಳುತ್ತಾರೆ. ಇದು ಎಷ್ಟು ನಿಜ?

ಉತ್ತರ: ಸಂಘಟನೆಗಳ ಮಟ್ಟಿಗೆ ಬಹಳಷ್ಟು ನಿಜ, ಒಂಟಿ ದಾಳಿಕೋರರ ಮಟ್ಟಿಗೆ ಅಲ್ಲ. 2001ರ ಸೆಪ್ಟೆಂಬರ್ 28ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 1373ನೇ ನಿರ್ಣಯ, ಭಯೋತ್ಪಾದನೆಗೆ ಹಣ ಕೊಡುವುದನ್ನು ಅಪರಾಧವೆಂದು ಸಾರಿ ಅಂಥ ಹಣವನ್ನು ತಡೆಹಿಡಿಯುವ ಹೊಣೆಯನ್ನು ಎಲ್ಲ ಸದಸ್ಯ ದೇಶಗಳ ಮೇಲೆ ಹೊರಿಸಿತು. 1989ರಲ್ಲಿ ಅಕ್ರಮ ಹಣದ ಚಲಾವಣೆಯನ್ನು ತಡೆಯಲು ಹುಟ್ಟಿದ ಹಣಕಾಸು ಕ್ರಿಯಾ ಕಾರ್ಯಪಡೆ, ಅಂದರೆ ಎಫ್‌ಎಟಿಎಫ್, 2001ರಲ್ಲೇ ಈ ಹೊಣೆಯನ್ನೂ ವಹಿಸಿಕೊಂಡಿತು. ಅದರ ಕೈಯಲ್ಲಿ ಸೈನ್ಯವಿಲ್ಲ, ಪೊಲೀಸರಿಲ್ಲ. ಇಂಥ ಹಣವನ್ನು ತಡೆಯುವ ವ್ಯವಸ್ಥೆ ಸಾಲದ ದೇಶಗಳನ್ನು ‘ಬೂದು ಪಟ್ಟಿ’ಗೆ ಸೇರಿಸುವ ಅಧಿಕಾರವಿದೆ. ಆ ಪಟ್ಟಿಗೆ ಸೇರಿದ ದೇಶದೊಡನೆ ವ್ಯವಹರಿಸಲು ಹೊರಗಿನ ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಪಾಕಿಸ್ತಾನ 2018ರ ಜೂನ್‌ನಿಂದ 2022ರ ಅಕ್ಟೋಬರ್‌ವರೆಗೆ ಅದರಲ್ಲಿದ್ದು, ಹೊರಬರಲು ಹಲವು ಕಾನೂನುಗಳನ್ನು ಬದಲಿಸಬೇಕಾಯಿತು.

ಆದರೆ ಮೊತ್ತಗಳನ್ನು ನೋಡಿ. ಸೆಪ್ಟೆಂಬರ್ 11ರ ದಾಳಿಗೆ ತಗಲಿದ ವೆಚ್ಚ 4ರಿಂದ 5 ಲಕ್ಷ ಡಾಲರ್ ಎಂದು ತನಿಖಾ ಆಯೋಗ ಅಂದಾಜು ಮಾಡಿತು. 2016ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ 86 ಜನರನ್ನು ಕೊಂದವನು ಬಳಸಿದ್ದು ಬಾಡಿಗೆಗೆ ಪಡೆದ ಲಾರಿಯನ್ನು. ಅಂಥವನನ್ನು ಬ್ಯಾಂಕಿನ ಲೆಕ್ಕಪತ್ರ ಹಿಡಿದುಕೊಡಲಾರದು. ಹಣದ ಮೇಲಿನ ನಿಗಾ ಕೆಲವು ದೇಶಗಳಲ್ಲಿ ಪ್ರಾಮಾಣಿಕ ಸೇವಾಸಂಸ್ಥೆಗಳ ಕತ್ತು ಹಿಸುಕುವ ನೆಪವೂ ಆಗಿದೆ ಎಂಬುದನ್ನು ಮರೆಯಬಾರದು.

ಪ್ರಶ್ನೆ: ರಸ್ತೆ ಅಪಘಾತಗಳಲ್ಲಿ ಸಾಯುವವರ ಸಂಖ್ಯೆಯ ಮುಂದೆ ಭಯೋತ್ಪಾದನೆಗೆ ಬಲಿಯಾಗುವವರು ಬಹಳ ಕಡಿಮೆ. ಹಾಗಿದ್ದೂ ಇಷ್ಟು ಹಣ, ಇಷ್ಟು ಭಯ ಏಕೆ?

ಉತ್ತರ: ಸಂಖ್ಯೆಗಳ ಬಗ್ಗೆ ತಾವು ಹೇಳುವುದು ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಭಯೋತ್ಪಾದನೆಯ ಸಾವುಗಳು ಉತ್ತುಂಗಕ್ಕೇರಿದ್ದ 2014ರಲ್ಲಿ ಮೂವತ್ತು ಸಾವಿರ ದಾಟಿದ್ದವು; ಜಾಗತಿಕ ಭಯೋತ್ಪಾದನಾ ಸೂಚ್ಯಂಕದ ಪ್ರಕಾರ 2023ರಲ್ಲಿ 8,352 ಜನ ಸತ್ತರು. ಈ ಸಾವುಗಳೂ ಜಗತ್ತಿನಾದ್ಯಂತ ಸಮವಾಗಿ ಹರಡಿಲ್ಲ. ಬುರ್ಕಿನಾ ಫಾಸೊ, ಮಾಲಿ, ನೈಜರ್‌ಗಳಿರುವ ಸಹೇಲ್ ಪ್ರದೇಶದಲ್ಲೇ ಈಗ ಅತಿ ಹೆಚ್ಚು. ಅಲ್ಲಿನ ರೈತನಿಗೆ ಈ ಭಯ ದಿನನಿತ್ಯದ್ದು, ಆದರೆ ಅವನ ಸಾವು ದೂರದ ಪತ್ರಿಕೆಗಳಲ್ಲಿ ಒಂದು ಸಾಲಿನ ಸುದ್ದಿಯೂ ಆಗುವುದಿಲ್ಲ. ನನ್ನನ್ನು ಹೆಚ್ಚು ನೋಯಿಸುವ ಅಸಮತೋಲ ಇದು.

ಆದರೂ ಎರಡನ್ನೂ ಬರೀ ಸಂಖ್ಯೆಯಿಂದ ಹೋಲಿಸಲಾಗದು. ಅಪಘಾತ ಯಾರನ್ನೂ ಹೆದರಿಸಬೇಕೆಂದು ಆಗುವುದಿಲ್ಲ. ಭಯೋತ್ಪಾದಕ ಸತ್ತವರ ಮೂಲಕ ಬದುಕಿರುವವರಿಗೆ ಬೆದರಿಕೆ ಕಳುಹಿಸುತ್ತಾನೆ, ಜನ ಜನರ ನಡುವೆ ಹಗೆ ಬಿತ್ತುತ್ತಾನೆ, ತಡೆಯದಿದ್ದರೆ ಮತ್ತೆ ಮಾಡುತ್ತಾನೆ. ಖರ್ಚಿಗೆ ಸಮರ್ಥನೆ ಅಲ್ಲಿದೆ. ಅತಿಯಾದ ಭಯಕ್ಕೆ ಮಾತ್ರ ಸಮರ್ಥನೆಯಿಲ್ಲ, ಏಕೆಂದರೆ ಭಯವೂ ಕೊಲ್ಲುತ್ತದೆ. 2001ರ ದಾಳಿಯ ನಂತರ ಅಮೆರಿಕದಲ್ಲಿ ಅನೇಕರು ವಿಮಾನ ಬಿಟ್ಟು ಕಾರಿನಲ್ಲಿ ದೂರ ಪ್ರಯಾಣ ಮಾಡಿದ್ದರಿಂದ ಮುಂದಿನ ಒಂದು ವರ್ಷದಲ್ಲಿ ರಸ್ತೆಗಳಲ್ಲಿ ಸುಮಾರು 1,500 ಹೆಚ್ಚುವರಿ ಸಾವುಗಳಾದವೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆಂಜರ್ ಅಂದಾಜು ಮಾಡಿದ್ದಾರೆ.

ಪ್ರಶ್ನೆ: ವಿಚಾರಣೆಯಿಲ್ಲದೆ ಬಂಧನದಲ್ಲಿಡುವಂಥ ಕಠಿಣ ಕಾನೂನುಗಳಿಲ್ಲದೆ ಭಯೋತ್ಪಾದನೆಯನ್ನು ಹತ್ತಿಕ್ಕಲು ಸಾಧ್ಯವೆ?

ಉತ್ತರ: ಬ್ರಿಟನ್ನಿನ ಆಳ್ವಿಕೆಯ ವಿಷಯದಲ್ಲಿ ಸಶಸ್ತ್ರ ಸಂಘರ್ಷ ನಡೆಯುತ್ತಿದ್ದ ಉತ್ತರ ಐರ್ಲೆಂಡಿನಲ್ಲಿ 1971ರ ಆಗಸ್ಟ್‌ನಲ್ಲಿ ಇದನ್ನು ಪ್ರಯೋಗಿಸಿ ನೋಡಿದರು. ಮೊದಲ ಕಾರ್ಯಾಚರಣೆಯಲ್ಲಿ 342 ಜನರನ್ನು ಹಿಡಿದರು. ಹಳೆಯ ಪಟ್ಟಿಗಳನ್ನು ಆಧರಿಸಿದ್ದರಿಂದ ಸಂಬಂಧವೇ ಇಲ್ಲದ ಅನೇಕರು ಸೆರೆಯಾದರು. ಹಿಡಿಯಲ್ಪಟ್ಟವರು ಹೆಚ್ಚುಕಡಿಮೆ ಎಲ್ಲರೂ ಕ್ಯಾಥೊಲಿಕ್ ಸಮುದಾಯದವರು. ಹಿಂಸೆ ತಗ್ಗಲಿಲ್ಲ. 1972 ಆ ಮೂರು ದಶಕಗಳ ಸಂಘರ್ಷದ ಅತ್ಯಂತ ರಕ್ತಸಿಕ್ತ ವರ್ಷವಾಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಸಾಮೂಹಿಕ ಬಂಧನದಿಂದ ಉಗ್ರರ ಗುಂಪಿಗೆ ಹೊಸಬರು ಸೇರಿದರೆಂಬುದನ್ನು ಬ್ರಿಟನ್ನಿನವರೇ ಒಪ್ಪುತ್ತಾರೆ. 1975ರಲ್ಲಿ ಅದನ್ನು ಕೊನೆಗೊಳಿಸಲಾಯಿತು. ಅದೇ ಸಂಘರ್ಷಕ್ಕೆ ಸೇರಿದ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಾಂಬ್ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಗೊಳಗಾದ ಆರು ಜನರ ತೀರ್ಪು ತಪ್ಪೆಂದು ರದ್ದಾದದ್ದು 1991ರಲ್ಲಿ, ಅಂದರೆ 16 ವರ್ಷಗಳ ಜೈಲುವಾಸದ ಬಳಿಕ. ಅಲ್ಲಿ ಶಾಂತಿಗೆ ದಾರಿಯಾದದ್ದು 1998ರ ಏಪ್ರಿಲ್ 10ರ ಒಪ್ಪಂದ.

ಅಮೆರಿಕದ ರ‍್ಯಾಂಡ್ ಸಂಸ್ಥೆ 1968ರಿಂದ 2006ರವರೆಗಿನ ಭಯೋತ್ಪಾದಕ ಗುಂಪುಗಳನ್ನು ಅಧ್ಯಯನ ಮಾಡಿ, ಕೊನೆಗೊಂಡ ಗುಂಪುಗಳಲ್ಲಿ ಶೇ 43 ರಾಜಕೀಯ ಪ್ರಕ್ರಿಯೆಗೆ ಸೇರಿದ್ದರಿಂದಲೂ ಶೇ 40 ಪೊಲೀಸ್ ಮತ್ತು ಗುಪ್ತಚರ ಕ್ರಮಗಳಿಂದಲೂ ಕೊನೆಗೊಂಡವೆಂದು 2008ರಲ್ಲಿ ತಿಳಿಸಿತು. ಸೇನಾಬಲದಿಂದ ಕೊನೆಗೊಂಡವು ಶೇ 7 ಮಾತ್ರ. ಇನ್ನೊಂದು ಕಡೆ, ಆಫ್ರಿಕದಲ್ಲಿ ಉಗ್ರ ಸಂಘಟನೆಗಳಿಗೆ ಸೇರಿದ್ದವರನ್ನು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮಾತನಾಡಿಸಿದಾಗ, ತಮ್ಮನ್ನು ಕೊನೆಯ ನಿರ್ಧಾರಕ್ಕೆ ದೂಡಿದ್ದು ಸರ್ಕಾರದ ಕ್ರಮ, ಅಂದರೆ ಬಂಧುವಿನ ಅಥವಾ ಗೆಳೆಯನ ಕೊಲೆ ಇಲ್ಲವೆ ಬಂಧನ, ಎಂದವರು ಶೇ 71. ಈ ವರದಿ ಬಂದದ್ದು 2017ರಲ್ಲಿ. ಕಾನೂನು ಬಿಗಿಯಾಗಿರಲಿ, ಆದರೆ ಬಂಧನಕ್ಕೆ ಪುರಾವೆ, ಪುರಾವೆಗೆ ನ್ಯಾಯಾಲಯ, ನ್ಯಾಯಾಲಯಕ್ಕೆ ಕಾಲಮಿತಿ ಇರಬೇಕೆಂಬುದು ಮಾನವ ಹಕ್ಕಿನ ಬೇಡಿಕೆಯಷ್ಟೇ ಅಲ್ಲ, ಭದ್ರತೆಯ ಬೇಡಿಕೆಯೂ ಹೌದು. ಜನರು ಹೆದರುವ ಠಾಣೆಗೆ ಯಾವ ತಂದೆಯೂ ಮಗನ ವಿಷಯ ಹೇಳಲು ಹೋಗುವುದಿಲ್ಲ.

ಪ್ರಶ್ನೆ: ನಾನೊಬ್ಬ ಶಿಕ್ಷಕಿ. ಹದಿನೇಳರ ವಿದ್ಯಾರ್ಥಿಯೊಬ್ಬ ಕೆಲವು ತಿಂಗಳುಗಳಿಂದ ಹಳೆಯ ಗೆಳೆಯರನ್ನು ಬಿಟ್ಟು ದೂರವಾಗಿದ್ದಾನೆ, ಒಂದು ಸಮುದಾಯದವರನ್ನು ಮನುಷ್ಯರೇ ಅಲ್ಲವೆಂಬಂತೆ ಮಾತನಾಡುತ್ತಾನೆ, ಹಿಂಸೆಯ ವಿಡಿಯೊಗಳನ್ನು ನೋಡುತ್ತಾನೆ. ಪೊಲೀಸರಿಗೆ ಹೇಳಿದರೆ ಅವನ ಬದುಕು ಹಾಳಾಗಬಹುದು, ಹೇಳದಿದ್ದರೆ ಅನಾಹುತವಾಗಬಹುದು ಎಂಬ ಭಯ. ಏನು ಮಾಡಲಿ?

ಉತ್ತರ: ತಮ್ಮ ಎರಡೂ ಭಯಗಳು ನ್ಯಾಯವಾದವು. ಮೊದಲು ಹೇಳಬೇಕಾದದ್ದು, ಇಂಥ ಮಾತುಗಳನ್ನಾಡುವ ಹುಡುಗರಲ್ಲಿ ಬಹುಪಾಲಿನವರು ಎಂದೂ ಹಿಂಸೆಗಿಳಿಯುವುದಿಲ್ಲ. ಭಕ್ತಿ ಹೆಚ್ಚಾದದ್ದು, ಉಡುಪು ಬದಲಾದದ್ದು, ರಾಜಕೀಯದಲ್ಲಿ ಉಗ್ರ ಅಭಿಪ್ರಾಯ ತಳೆದದ್ದು, ಇವು ಅಪಾಯದ ಗುರುತುಗಳಲ್ಲ. ಗಮನಿಸಬೇಕಾದದ್ದು ಬೇರೆ: ನಿರ್ದಿಷ್ಟ ವ್ಯಕ್ತಿ ಅಥವಾ ಸ್ಥಳದ ಮೇಲೆ ಕಣ್ಣಿಡುವುದು, ಆಯುಧ ಅಥವಾ ರಾಸಾಯನಿಕ ಸಂಗ್ರಹಿಸುವುದು, ಹಿಂದಿನ ದಾಳಿಕೋರರನ್ನು ಆದರ್ಶವೆಂದು ಕೊಂಡಾಡುವುದು, ವಿದಾಯ ಹೇಳುವಂತೆ ಮಾತನಾಡುವುದು, ಅಮೂಲ್ಯ ವಸ್ತುಗಳನ್ನು ಹಂಚಿಬಿಡುವುದು, ‘ಇನ್ನು ಸ್ವಲ್ಪ ದಿನಗಳಲ್ಲಿ ನೋಡುತ್ತೀರಿ’ ಎಂಬಂಥ ಮಾತು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕ ಮತ್ತು ಯುರೋಪಿನ 119 ಒಂಟಿ ದಾಳಿಕೋರರ ಹಿನ್ನೆಲೆಯನ್ನು ಪರಿಶೀಲಿಸಿತು; ಅವರಲ್ಲಿ ಸುಮಾರು ಶೇ 64 ಜನರ ಉದ್ದೇಶ ಮನೆಯವರಿಗೋ ಗೆಳೆಯರಿಗೋ ಮೊದಲೇ ತಿಳಿದಿತ್ತು. ಒಂಟಿಯಾಗಿ ಹೊರಟವನೂ ಯಾರೊಡನೆಯಾದರೂ ಬಾಯಿ ಬಿಟ್ಟಿರುತ್ತಾನೆ. ಆದ್ದರಿಂದ ಅವನ ಜೊತೆ ಮಾತು ನಿಲ್ಲಿಸದಿರುವುದೇ ತಾವು ಮಾಡಬಹುದಾದ ಮೊದಲ ಕೆಲಸ.

ಒಬ್ಬನೇ ಇರುವಾಗ, ತರಗತಿಯ ಎದುರಲ್ಲದೆ, ಸಮಾಧಾನದಿಂದ ಮಾತನಾಡಿಸಿ. ಅವನ ವಾದವನ್ನು ಗೆಲ್ಲಲು ಹೋಗಬೇಡಿ. ವಾದದಲ್ಲಿ ಸೋತ ಹುಡುಗ ತನ್ನನ್ನು ಮೆಚ್ಚುವ ಜಾಲತಾಣದ ಗುಂಪಿಗೇ ಮರಳುತ್ತಾನೆ. ಏನಾಯಿತು, ಯಾರು ನೋಯಿಸಿದರು, ಆ ವಿಡಿಯೊಗಳು ಎಲ್ಲಿಂದ ಬಂದವು, ಯಾರು ಕಳುಹಿಸುತ್ತಾರೆ ಎಂದು ಕೇಳಿ. ಅನೇಕ ಸಲ ಸಿದ್ಧಾಂತದ ಕೆಳಗೆ ಅವಮಾನ, ಮನೆಯ ಕಲಹ, ಒಂಟಿತನ ಇರುತ್ತದೆ. ಅವನು ಇನ್ನೂ ಗೌರವಿಸುವ ಒಬ್ಬ ಹಿರಿಯರು, ಆಟದ ತರಬೇತುದಾರರೋ ಸೋದರಮಾವನೋ ಧರ್ಮಗುರುವೋ, ಯಾರೆಂದು ಕಂಡುಕೊಳ್ಳಿ. ಮನೆಯವರಿಗೆ ತಿಳಿಸಿ, ಆದರೆ ಮನೆಯೇ ಆ ದ್ವೇಷದ ಮೂಲವಾಗಿರಬಹುದೆಂಬುದನ್ನು ಗಮನದಲ್ಲಿಡಿ. ಶಾಲೆಯ ಆಪ್ತಸಮಾಲೋಚಕರ ನೆರವು ಪಡೆಯಿರಿ. ತಾವು ಕಂಡದ್ದನ್ನು ದಿನಾಂಕದೊಡನೆ, ಊಹೆ ಬೆರೆಸದೆ ಬರೆದಿಡಿ.

ಈ ದಾರಿ ಕೈಗೂಡುತ್ತದೆಂಬುದಕ್ಕೆ ನಿದರ್ಶನವಿದೆ. ಡೆನ್ಮಾರ್ಕಿನ ಆರ್ಹುಸ್ ನಗರದಿಂದ 2013ರ ಹೊತ್ತಿಗೆ ಮೂವತ್ತರ ಆಸುಪಾಸು ಯುವಕರು ಸಿರಿಯಾದ ಯುದ್ಧಕ್ಕೆ ಹೋಗಿದ್ದರು. ಅಲ್ಲಿನ ಪೊಲೀಸರೂ ಸ್ಥಳೀಯ ಆಡಳಿತವೂ ಸೇರಿ ಯುವಕರಿಗೆ ಮಾರ್ಗದರ್ಶಕರನ್ನು ಒದಗಿಸಿ, ಓದಿಗೆ, ಕೆಲಸಕ್ಕೆ, ಮನೆಗೆ ನೆರವಾಗಿ, ಮಸೀದಿಯವರೊಡನೆ ಮತ್ತು ಪೋಷಕರೊಡನೆ ಮಾತುಕತೆ ನಡೆಸಿದರು. 2014ರಲ್ಲಿ ಹೋದವರು ಒಬ್ಬಿಬ್ಬರು. ಅಪರಾಧ ಮಾಡಿದವರಿಗೆ ಅಲ್ಲಿಯೂ ಶಿಕ್ಷೆ ಇತ್ತು, ಮಾಡದವರಿಗೆ ಮರಳಲು ಬಾಗಿಲು ತೆರೆದಿತ್ತು. ಜರ್ಮನಿ 2012ರಲ್ಲಿ ಇಂಥ ಕಳವಳದಲ್ಲಿರುವ ಕುಟುಂಬಗಳಿಗೆಂದೇ ಸಹಾಯವಾಣಿ ತೆರೆಯಿತು.

ಆದರೆ ಮೇಲೆ ಹೇಳಿದ ಗುರುತುಗಳಲ್ಲಿ ಒಂದಾದರೂ ಕಂಡರೆ, ಅದರಲ್ಲೂ ಆಯುಧ, ಗುರಿ ಅಥವಾ ದಿನದ ಮಾತು ಬಂದರೆ, ಅಂದೇ ಪೊಲೀಸರಿಗೆ ತಿಳಿಸಿ. ಮರುದಿನಕ್ಕೆ ಮುಂದೂಡಬೇಡಿ, ಬೇರೆಯವರು ಹೇಳಿರಬಹುದೆಂದು ಭಾವಿಸಬೇಡಿ. ಮ್ಯಾಂಚೆಸ್ಟರಿನ ದಾಳಿಗೆ ಸ್ವಲ್ಪ ಮುಂಚೆ ದೊಡ್ಡ ಚೀಲ ಹೊತ್ತು ಕುಳಿತಿದ್ದವನನ್ನು ಕಂಡು ಸಂಶಯಗೊಂಡ ಸಾರ್ವಜನಿಕರೊಬ್ಬರು ಸಿಬ್ಬಂದಿಗೆ ತಿಳಿಸಿದ್ದರು. ಸಿಬ್ಬಂದಿಯಲ್ಲಿ ಒಬ್ಬ ತರುಣ, ತಾನು ತಪ್ಪಾಗಿ ತಿಳಿದಿದ್ದರೆ ಜನಾಂಗದ್ವೇಷಿ ಎನ್ನಿಸಿಕೊಳ್ಳಬೇಕಾದೀತೆಂದು ಅಂಜಿದ. ರೇಡಿಯೊದಲ್ಲಿ ಮೇಲಿನವರಿಗೆ ತಿಳಿಸುವ ಯತ್ನವೂ ಕೈಗೂಡಲಿಲ್ಲ. ತಾವು ವ್ಯಕ್ತಿಯ ಜಾತಿ, ಮತವನ್ನಲ್ಲದೆ ಅವನು ಮಾಡಿದ್ದನ್ನು ಮತ್ತು ಹೇಳಿದ್ದನ್ನು ಮಾತ್ರ ತಿಳಿಸುವಾಗ ಅಂಥ ಅಂಜಿಕೆಗೆ ಕಾರಣವಿಲ್ಲ.

ಪ್ರಶ್ನೆ: ದಾಳಿಯ ವಿಡಿಯೊಗಳು ಫೋನಿಗೆ ಬರುತ್ತವೆ. ಜನರನ್ನು ಎಚ್ಚರಿಸಲೆಂದು ಅವನ್ನು ಇತರರಿಗೆ ಕಳುಹಿಸುವುದು ತಪ್ಪೆ?

ಉತ್ತರ: ಹೌದು, ದಯವಿಟ್ಟು ಕಳುಹಿಸಬೇಡಿ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನು ಕೊಲೆಯನ್ನು ನೇರ ಪ್ರಸಾರ ಮಾಡಿದ್ದೇ ಜನರು ಹಂಚಲೆಂದು. ಮೊದಲ 24 ಗಂಟೆಗಳಲ್ಲಿ ಫೇಸ್‌ಬುಕ್ ಒಂದೇ ಅದರ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಬೇಕಾಯಿತು. ಅವನ ಹೆಸರನ್ನು ತಾವು ಉಚ್ಚರಿಸುವುದಿಲ್ಲವೆಂದು ಅಂದಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲಿ ಹೇಳಿದರು. ನ್ಯೂಜಿಲೆಂಡಿನಲ್ಲಿ ಆ ವಿಡಿಯೊವನ್ನು ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧವಾಯಿತು. ತಮ್ಮ ಫೋನಿಗೆ ಬಂದ ವಿಡಿಯೊ ಬೇರೆಡೆ ಹರಿದಾಡುತ್ತಿರುವುದಾದರೆ ಆಯಾ ತಾಣಕ್ಕೆ ದೂರು ಸಲ್ಲಿಸಿ ಅಳಿಸಿಬಿಡಿ. ತಾವೇ ಸ್ಥಳದಲ್ಲಿದ್ದು ಚಿತ್ರೀಕರಿಸಿದ್ದಾದರೆ ಅಳಿಸಬೇಡಿ, ಯಾರಿಗೂ ಕಳುಹಿಸಬೇಡಿ. ಮೂಲ ಪ್ರತಿಯನ್ನು ತನಿಖಾಧಿಕಾರಿಗೆ ಒಪ್ಪಿಸಿ, ಎಲ್ಲಿ, ಯಾವ ಹೊತ್ತಿನಲ್ಲಿ ತೆಗೆದದ್ದೆಂದು ಬರೆದುಕೊಡಿ.